ಸಂದೇಶ ಮುಟ್ಟಿತು, ಸಭೆ ನಡೆಯಿತೆ?

ಒಬ್ಬನೇ ಮಾಡಿದ ತಪ್ಪಿಗೆ ಹೊಣೆ ಯಾರದೆಂಬುದು ಸ್ಪಷ್ಟ. ಹತ್ತು ಜನ ಕೂಡಿ ಒಂದು ಸಂಸ್ಥೆಯ ಹೆಸರಿನಲ್ಲಿ ಮಾಡಿದ ತಪ್ಪಿಗೆ ಹೊಣೆಗಾರರನ್ನು ಗುರುತಿಸುವುದು ಕಷ್ಟ. ಆ ಹತ್ತು ಜನರೂ ಒಂದೆಡೆ ಕೂಡದೆ, ತಮ್ಮ ತಮ್ಮ ಮನೆಗಳಲ್ಲಿಯೇ ಇದ್ದು, ಅಂಗೈಯಲ್ಲಿನ ಯಂತ್ರದ ಮೂಲಕ ಮಾಡಿದ ತಪ್ಪಾದರೆ ಅದರ ಹೊಣೆ ಇನ್ನೂ ತೆಳುವಾಗಿ ಹಂಚಿಹೋಗಿ, ಕೊನೆಗೆ ಯಾರ ಮನಸ್ಸಿಗೂ ಭಾರವಾಗದೆ ಉಳಿಯುತ್ತದೆ. ದೂರವಾಣಿ, ಮೊಬೈಲು, ವಾಟ್ಸಾಪು ಮೊದಲಾದ ಸಾಧನಗಳು ನಮ್ಮ ಸಂಘಸಂಸ್ಥೆಗಳ ಒಳಗಿನ ನಡೆನುಡಿಯನ್ನು ಹೇಗೆ ಮಾರ್ಪಡಿಸಿವೆ, ಈ ಮಾರ್ಪಾಟಿನಲ್ಲಿ ಶ್ರಾವಕನ ಧರ್ಮವೇನು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ಪರರ ದೋಷವನ್ನು ಎತ್ತಿ ತೋರಿಸುವ ಮುನ್ನ ನನ್ನದೇ ಒಂದು ದೋಷವನ್ನು ವಾಚಕರ ಮುಂದಿಡುವುದು ಉಚಿತ.

ತಿಪಟೂರು ಸೀಮೆಯ ಒಂದು ಊರಿನ ಬಸದಿಯ ಆಡಳಿತ ಸಮಿತಿಗೆ ಕೆಲವು ವರ್ಷ ನಾನು ಕಾರ್ಯದರ್ಶಿಯಾಗಿದ್ದೆ. ನಮ್ಮದು ಒಂಬತ್ತು ಜನರ ಸಮಿತಿ. ಬಸದಿಯ ಹಿಂದೆ ಹನ್ನೊಂದು ತೆಂಗಿನ ಮರಗಳಿದ್ದವು. ಹಿಂದೊಬ್ಬ ಶ್ರಾವಕರು ನೆಲವನ್ನು ದಾನವಾಗಿ ಕೊಟ್ಟು, ತಾವೇ ಸಸಿ ನೆಟ್ಟು ನೀರೆರೆದು ಬೆಳೆಸಿದ ಮರಗಳು ಅವು. ಅವುಗಳ ಕೊಬ್ಬರಿ ಮಾರಿ ಬಂದ ಹಣದಿಂದ ನಂದಾದೀಪದ ಎಣ್ಣೆಯ ವೆಚ್ಚ ನಡೆಯಬೇಕೆಂಬುದು ಅವರ ಸಂಕಲ್ಪ. ಆ ದಾನಿಗಳ ಮಗ, ಎಂಬತ್ತು ದಾಟಿದ ಹಿರಿಯರು, ನಮ್ಮ ಸಮಿತಿಯ ಸದಸ್ಯರೂ ಆಗಿದ್ದರು. ಅವರ ಬಳಿ ಇದ್ದುದು ಗುಂಡಿ ಒತ್ತಿ ಮಾತನಾಡುವ ಹಳೆಯ ಫೋನು. ಸಮಿತಿಯ ವಾಟ್ಸಾಪ್ ಗುಂಪಿನಲ್ಲಿ ಅವರು ಇರಲಿಲ್ಲ.

ವಾರ್ಷಿಕೋತ್ಸವಕ್ಕೆ ಊಟದ ಚಪ್ಪರಕ್ಕಾಗಿ ಒಂದು ಶಾಶ್ವತ ಶೆಡ್ಡು ಕಟ್ಟಿಸುವ ಮಾತು ಬಹಳ ದಿನಗಳಿಂದ ಇತ್ತು. ಒಂದು ಸಂಜೆ ಗುತ್ತಿಗೆದಾರನು ಬಂದು, ಪಕ್ಕದ ಊರಿಗೆ ಜೆಸಿಬಿ ಬಂದಿದೆ, ನಾಳೆ ಒಂದು ದಿನ ಬಿಡುವಿದೆ, ಮೂರು ಮರ ತೆಗೆದರೆ ಜಾಗ ಸಮ ಮಾಡಿಕೊಡುತ್ತೇನೆ ಎಂದನು. ರಾತ್ರಿ ಒಂಬತ್ತೂವರೆಗೆ ನಾನು ಗುಂಪಿನಲ್ಲಿ ನಾಲ್ಕು ಸಾಲು ಬರೆದು ಹಾಕಿದೆ. ಬೆಳಗಾಗುವುದರೊಳಗೆ ಐದು ಹೆಬ್ಬೆರಳುಗಳು, ಒಂದು ಕೈಮುಗಿದ ಚಿತ್ರ ಬಂದಿದ್ದವು. ಇನ್ನೊಬ್ಬರು ಓದಿದ್ದಾರೆ ಎಂಬ ಗುರುತು ಮಾತ್ರ ಇತ್ತು. ಸಮ್ಮತಿ ದೊರೆಯಿತೆಂದು ತಿಳಿದೆ. ಮಧ್ಯಾಹ್ನಕ್ಕೆ ಮೂರು ಮರಗಳು ನೆಲಕ್ಕೊರಗಿದವು. ಗುತ್ತಿಗೆದಾರನಿಗೆ ಹಣ ಕೊಡಲು ಠರಾವು ಬೇಕಾದ್ದರಿಂದ ನಡಾವಳಿ ಪುಸ್ತಕದಲ್ಲಿ, 'ಸೇರಿದ ಸಭೆಯಲ್ಲಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಎಂದು ಬರೆದೆ.

ಆ ಭಾನುವಾರ ಹಿರಿಯರು ದರ್ಶನಕ್ಕೆ ಬಂದರು. ಪ್ರದಕ್ಷಿಣೆ ಮಾಡುತ್ತ ಹಿಂಬದಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ನಾನು ಹೋಗಿ ನೋಡಿದಾಗ ಮರದ ಬುಡದ ಮುಂದೆ ನಿಂತಿದ್ದರು. ಸಿಟ್ಟಿನ ಮಾತು ಒಂದೂ ಇಲ್ಲ. "ಮೀಟಿಂಗು ಯಾವತ್ತು ಮಾಡಿದ್ರಪ್ಪ? ನೀವು ಹೇಳಿಕಳಿಸಿದ್ದು ನಾನೇ ಮರೆತುಬಿಟ್ನೇನೋ, ಈಚೆಗೆ ಏನೂ ನೆನಪಿರಲ್ಲ" ಎಂದರು. ನಾನು ಉತ್ತರ ಕೊಡಲಿಲ್ಲ. ನನ್ನ ಮೌನವನ್ನು ಅವರು ಹೌದೆಂದೇ ತಿಳಿದು, ತಲೆದೂಗಿ, ಮೆಲ್ಲನೆ ಮನೆಗೆ ಹೋದರು.

ಸುಳ್ಳನ್ನು ನಾನು ಬಾಯಿಂದ ಆಡಲಿಲ್ಲ. ಆದರೆ ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸಭೆ ಯಾವತ್ತು ನಡೆಯಿತು?

ಯಂತ್ರವು ಕೊಟ್ಟದ್ದು, ಕೊಂಡದ್ದು

ಇಂಥ ಅನುಭವವನ್ನು ಹಿಡಿದು ಯಂತ್ರವನ್ನೇ ದೂಷಿಸುವುದು ಸುಲಭ. ಅದು ನ್ಯಾಯವಲ್ಲ. ಗ್ರಾಮಾಂತರ ಪ್ರದೇಶಕ್ಕೆಂದು ಸಿ-ಡಾಟ್ ಸಂಸ್ಥೆ ರೂಪಿಸಿದ ದೂರವಾಣಿ ವಿನಿಮಯ ಕೇಂದ್ರವು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಮೊದಲು ಕೆಲಸ ಆರಂಭಿಸಿತು. ಅದಕ್ಕೆ ಹಿಂದೆ ಹಳ್ಳಿಯ ಸಂಸ್ಥೆಗಳಿಗೆ ಸಭೆಯ ಸೂಚನೆ ಹೋಗುತ್ತಿದ್ದುದು ಕಾರ್ಡಿನಲ್ಲಿ. ಸಾವಿನ ಸುದ್ದಿ ಬರುತ್ತಿದ್ದುದು ತಂತಿಯಲ್ಲಿ. ಆ ತಂತಿ ಸೇವೆ 2013ರ ಜುಲೈಯಲ್ಲಿ ನಿಂತೇಹೋಯಿತು. ಕಾರ್ಡು ತಲುಪದೆ ಸಭೆ ತಪ್ಪಿದವರು ಆಗಲೂ ಇದ್ದರು. ಕಾರ್ಡನ್ನು ಬೇಕೆಂದೇ ತಡವಾಗಿ ಹಾಕಿಸಿದ ಕಾರ್ಯದರ್ಶಿಗಳೂ ಇದ್ದರು.

ಹಿಂದಿನ ಸಭೆಗಳೆಲ್ಲ ಧರ್ಮಸಭೆಗಳಾಗಿದ್ದವು ಎಂದು ಭಾವಿಸುವುದೂ ಭ್ರಮೆ. ಇಬ್ಬರು ಮೂವರು ಸ್ಥಿತಿವಂತರು ಜಗಲಿಯ ಮೇಲೆ ಕುಳಿತು ಮಾಡಿದ ತೀರ್ಮಾನಕ್ಕೆ ಉಳಿದವರು ರುಜು ಹಾಕುವುದು ಎಷ್ಟೋ ಕಡೆ ಪದ್ಧತಿಯಾಗಿತ್ತು. ಶ್ರಾವಿಕೆಯರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದುಂಟೇ ಹೊರತು ಚಾಪೆಯ ಮೇಲೆ ಕುಳಿತು ಮಾತನಾಡಿದ್ದು ಅಪರೂಪ. ಲೆಕ್ಕದ ಪುಸ್ತಕ ಖಜಾಂಚಿಯ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತಿತ್ತು. ಇಂದು ಹುಂಡಿಯ ಎಣಿಕೆಯ ಚೀಟಿಯ ಚಿತ್ರವನ್ನು ಗುಂಪಿನಲ್ಲಿ ಹಾಕಿದರೆ ಬೆಂಗಳೂರಿನಲ್ಲಿರುವ ಮಗಳೂ ವಿದೇಶದಲ್ಲಿರುವ ಮೊಮ್ಮಗನೂ ನೋಡಿ ಪ್ರಶ್ನೆ ಕೇಳಬಲ್ಲರು. 2020ರ ಏಪ್ರಿಲ್ 6ರಂದು ಮಹಾವೀರ ಜಯಂತಿ ಬಂದಾಗ ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತಿತ್ತು. ಅಂದು ಅನೇಕ ಕುಟುಂಬಗಳು ಒಂದಾಗಿ ಪ್ರಾರ್ಥನೆ ಮಾಡಿದ್ದು ಈ ಯಂತ್ರಗಳ ಸಹಾಯದಿಂದಲೇ.

ನಮ್ಮ ಸೀಮೆಯ ಕೊಬ್ಬರಿ ಮಾರುಕಟ್ಟೆಯೂ ಇದೇ ಮಾತನ್ನು ಹೇಳುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ರೈತನು ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟಕ್ಕೆ ಹಾಕಿ, ವರ್ಷದ ಬಹುಭಾಗ ಕಾದು, ಒಳಗಿನ ನೀರು ಬತ್ತಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಸುಲಿದು ಒಡೆದು ಉಂಡೆ ಕೊಬ್ಬರಿ ಮಾಡುತ್ತಾನೆ. ಅಷ್ಟು ಕಾಲದ ಶ್ರಮದ ಬೆಲೆ ಮಾರುಕಟ್ಟೆಯಲ್ಲಿ ಕೆಲವೇ ನಿಮಿಷಗಳಲ್ಲಿ ನಿರ್ಧಾರವಾಗುತ್ತದೆ. ಹಿಂದೆ ದೇಶದ ಅನೇಕ ಮಂಡಿಗಳಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಮುಟ್ಟಿ ಧಾರಣೆ ಕುದುರಿಸುವ ಪದ್ಧತಿಯಿತ್ತು. ಮಾಲಿನ ಒಡೆಯನಿಗೇ ತನ್ನ ಮಾಲಿನ ಬೆಲೆಯ ಮಾತುಕತೆ ಕಾಣುತ್ತಿರಲಿಲ್ಲ. ಬಹಿರಂಗ ಹರಾಜು ಬಂದಾಗ ಕೂಗು ಕೇಳಿಸಿತು. ಆದರೆ ವರ್ತಕರು ಒಬ್ಬರ ಮುಖವನ್ನೊಬ್ಬರು ನೋಡಿ ನಿಲ್ಲಿಸುವುದು ತಪ್ಪಲಿಲ್ಲ. ರಾಜ್ಯ ಸರ್ಕಾರವು ಎನ್‌ಸಿಡಿಇಎಕ್ಸ್‌ನ ಸ್ಪಾಟ್ ಎಕ್ಸ್‌ಚೇಂಜ್‌ನೊಡನೆ ಸೇರಿ 2014ರಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಸಂಸ್ಥೆಯನ್ನು ಸ್ಥಾಪಿಸಿ, ಎಪಿಎಂಸಿ ಮಾರುಕಟ್ಟೆಗಳನ್ನು ಒಂದೇ ವಿದ್ಯುನ್ಮಾನ ವೇದಿಕೆಗೆ ತರಲು ಆರಂಭಿಸಿತು. 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರವು ಇ-ನಾಮ್ ಎಂಬ ರಾಷ್ಟ್ರೀಯ ಯೋಜನೆಯನ್ನು ಆರಂಭಿಸುವಾಗ ಕರ್ನಾಟಕದ ಈ ಅನುಭವ ಅದರ ಮುಂದಿತ್ತು. ಇ-ಟೆಂಡರಿನಲ್ಲಿ ಪ್ರತಿಯೊಂದು ಲಾಟಿಗೂ ಒಂದು ಸಂಖ್ಯೆ; ವರ್ತಕನು ಮಾಲನ್ನು ನೋಡಿ ತನ್ನ ದರವನ್ನು ಯಂತ್ರದಲ್ಲಿ ನಮೂದಿಸುತ್ತಾನೆ; ಇನ್ನೊಬ್ಬನ ದರ ಅವನಿಗೆ ಕಾಣದು. ಅತಿ ಹೆಚ್ಚಿನ ದರ ಪ್ರಕಟವಾಗುತ್ತದೆ. ಒಪ್ಪದಿದ್ದರೆ ಮಾಲನ್ನು ಕೊಡದಿರುವ ಹಕ್ಕು ರೈತನಿಗಿದೆ. ವಸ್ತ್ರದ ಮರೆ ಹೋದದ್ದು ನಿಜವಾಗಿ ಧರ್ಮಕ್ಕೆ ಆದ ಲಾಭ.

ಆದರೂ ಒಂದು ಕೊರತೆ ಉಳಿಯುತ್ತದೆ. ಪರದೆಯ ಮೇಲೆ ಬೆಲೆ ಬರುತ್ತದೆ, ಕಾರಣ ಬರುವುದಿಲ್ಲ. ಉಂಡೆ ಸಣ್ಣದಾಯಿತೆ, ಒಳಗೆ ತೇವ ಉಳಿಯಿತೆ, ಬೂಷ್ಟು ಹಿಡಿಯಿತೆ ಎಂಬುದನ್ನು ರೈತನು ಮಂಡಿಯವರ ಬಾಯಿಂದಲೇ ಕೇಳಬೇಕು. ಅವರಿಗೆ ಬಿಡುವಿಲ್ಲದಿದ್ದರೆ ಬರುವ ವರ್ಷವೂ ಅದೇ ತಪ್ಪು ಅಟ್ಟ ಹತ್ತುತ್ತದೆ. ಯಂತ್ರದಲ್ಲಿ ದಾಖಲಾಯಿತು ಎಂದಮಾತ್ರಕ್ಕೆ ಅದು ಸತ್ಯವಾಯಿತೆಂದೂ ಅಲ್ಲ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ನಿಗದಿಯಾಗಿ, ಖರೀದಿಗೆ ರೈತರ ನೋಂದಣಿ ನಡೆದಾಗ, ದೂರುಗಳು ಬಂದ ಕಾರಣ ಆ ನೋಂದಣಿಯನ್ನು ರದ್ದುಮಾಡಿ ಮತ್ತೆ ಮಾಡಬೇಕಾಯಿತು. ಎರಡನೆಯ ಸಲ ಸಾಲಿನಲ್ಲಿ ನಿಂತ ಪ್ರಾಮಾಣಿಕ ರೈತನ ದಿನಗಳನ್ನು ಮರಳಿ ಕೊಡುವವರು ಯಾರು?

ಮಾರುಕಟ್ಟೆಯಲ್ಲಿ ಕೊಳ್ಳುವವನಿಗೂ ಮಾರುವವನಿಗೂ ನಡುವೆ ಬೆಲೆಯೊಂದೇ ಮುಖ್ಯವಾದ ಮಾತು. ಅಲ್ಲಿ ಮುಖಗಳನ್ನು ಮರೆಮಾಡುವುದರಿಂದ ನ್ಯಾಯ ಹೆಚ್ಚುತ್ತದೆ. ಒಂದು ಧಾರ್ಮಿಕ ಸಂಸ್ಥೆಯಲ್ಲಾದರೋ ಸದಸ್ಯರು ಕೊಳ್ಳುವವರೂ ಅಲ್ಲ, ಮಾರುವವರೂ ಅಲ್ಲ. ಅವರು ಬೇರೊಬ್ಬರ ದಾನವನ್ನು ಕಾಯುವವರು. ಅಲ್ಲಿ ಮುಖಗಳು ಮರೆಯಾದರೆ ನ್ಯಾಯವೇ ಮರೆಯಾಗುತ್ತದೆ. ಒಂದೇ ಸಾಧನ ಒಂದೆಡೆ ಗುಣವಾಗಿ ಮತ್ತೊಂದೆಡೆ ದೋಷವಾಗುವುದು ಹೀಗೆ.

ಸತ್ಯಾಣುವ್ರತದ ಕನ್ನಡಿಯಲ್ಲಿ

ನಮ್ಮ ಆಚಾರ್ಯರು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುವ ಈ ವಿಚಾರವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದವರು ಅನೇಕರು. ಮರಗಳು ಉರುಳಿದ ಮೇಲೆ ನಾನು ಅವುಗಳನ್ನು ಮತ್ತೆ ಓದಿದೆ. ಅವುಗಳಲ್ಲಿ ನಾಲ್ಕು ನಮ್ಮ ವಾಟ್ಸಾಪ್ ಗುಂಪಿನಲ್ಲಿಯೇ ನಿತ್ಯ ನಡೆಯುತ್ತಿದ್ದವು.

ಮೊದಲನೆಯದು ರಹೋಭ್ಯಾಖ್ಯಾನ, ಏಕಾಂತದ ಮಾತನ್ನು ಬಹಿರಂಗಪಡಿಸುವುದು. ಒಬ್ಬರು ವಿಶ್ವಾಸದಿಂದ ಬರೆದ ಸಾಲನ್ನು ಚಿತ್ರವಾಗಿ ಹಿಡಿದು ಇನ್ನೊಂದು ಗುಂಪಿಗೆ ದಾಟಿಸುವುದನ್ನು ಇಂದು ಯಾರೂ ದೋಷವೆಂದೇ ಎಣಿಸುತ್ತಿಲ್ಲ.

ಎರಡನೆಯದು ಸಾಕಾರಮಂತ್ರಭೇದ. ಮುಖಭಾವ, ಹುಬ್ಬಿನ ಚಲನೆ ಮುಂತಾದ ಆಕಾರಗಳಿಂದ ಪರರ ಅಭಿಪ್ರಾಯವನ್ನು ಊಹಿಸಿ ಅದನ್ನು ಹೊರಗೆ ಹರಡುವುದು. ಈಗ ಮುಖವೇ ಕಾಣುವುದಿಲ್ಲ. ಅದರ ಬದಲು ಎರಡು ನೀಲಿ ಗೀಟುಗಳು ಕಾಣುತ್ತವೆ. 'ಓದಿಯೂ ಉತ್ತರ ಕೊಟ್ಟಿಲ್ಲ, ಅವರಿಗೆ ಮನಸ್ಸಿಲ್ಲ' ಎಂದು ಒಬ್ಬರ ಬಗ್ಗೆ, 'ಓದಿ ಸುಮ್ಮನಿದ್ದಾರೆ, ಒಪ್ಪಿದ್ದಾರೆ' ಎಂದು ಇನ್ನೊಬ್ಬರ ಬಗ್ಗೆ ನಾವೇ ಅರ್ಥ ಕಟ್ಟುತ್ತೇವೆ. ಅಂದು ರಾತ್ರಿ ಓದಿದರೆಂದು ನಾನು ತಿಳಿದ ಸದಸ್ಯೆ ಆಗಲೇ ಮಲಗಿದ್ದರಂತೆ. ಫೋನು ತೆರೆದಿದ್ದವನು ಅವರ ಮೊಮ್ಮಗ. ಕೈಮುಗಿದವರನ್ನು ಕೇಳಿದರೆ, ಅದೇ ಹೊತ್ತಿಗೆ ಬಂದ ಬೇರೊಂದು ಶುಭಾಶಯಕ್ಕೆ ಕೈಮುಗಿದೆನೆಂದರು!

ಮೂರನೆಯದು ಕೂಟಲೇಖಕ್ರಿಯಾ, ಸುಳ್ಳು ಬರಹ. ಆಡದ ಮಾತನ್ನು ಆಡಿದಂತೆ, ನಡೆಯದ ಕಾರ್ಯವನ್ನು ನಡೆದಂತೆ ಬರೆಯುವುದು. 'ಸೇರಿದ ಸಭೆಯಲ್ಲಿ' ಎಂದು ಬರೆದೆನಲ್ಲ, ಯಾರು ಸೇರಿದ್ದರು? 'ಸರ್ವಾನುಮತ' ಎಂದೆನಲ್ಲ, ಒಂಬತ್ತರಲ್ಲಿ ನಾನೂ ಸೇರಿ ಆರು ಮತಗಳೇ ನಿಜವಾಗಿ ಇದ್ದವು. ಇದು ಕೇವಲ ಕಚೇರಿಯ ರೂಢಿ ಎಂದು ಸಮಾಧಾನ ಹೇಳಿಕೊಳ್ಳಬಹುದು. ರೂಢಿಯಾದ ಮಾತ್ರಕ್ಕೆ ಅತಿಚಾರವು ಆಚಾರವಾಗುವುದಿಲ್ಲ.

ನಾಲ್ಕನೆಯದು ನ್ಯಾಸಾಪಹಾರ. ಒಬ್ಬನು ಇನ್ನೊಬ್ಬನಲ್ಲಿ ಹಣವನ್ನು ಒತ್ತೆಯಿಟ್ಟು, ಎಷ್ಟು ಇಟ್ಟೆನೆಂಬುದನ್ನು ಮರೆತು, ಕಡಿಮೆ ಕೇಳಿದಾಗ 'ಹೌದು, ಅಷ್ಟೇ' ಎಂದು ಕೊಟ್ಟು ಉಳಿದುದನ್ನು ಇಟ್ಟುಕೊಳ್ಳುವುದು. ಇಲ್ಲಿ ಕಳ್ಳತನಕ್ಕಿಂತ ಸೂಕ್ಷ್ಮವಾದ ದೋಷವೊಂದಿದೆ: ಇನ್ನೊಬ್ಬನ ಮರೆವನ್ನು ತನ್ನ ಅನುಕೂಲಕ್ಕೆ ಬಳಸಿಕೊಳ್ಳುವುದು. "ನಾನೇ ಮರೆತೆನೇನೋ" ಎಂದು ಆ ಹಿರಿಯರು ಅಂದಾಗ ನಾನು ಮೌನವಾಗಿದ್ದುದು ಇದೇ ಅಲ್ಲವೆ? ಸಮಿತಿಯಲ್ಲಿ ಅವರಿಗಿದ್ದ ಮಾತಿನ ಹಕ್ಕು ನನ್ನ ಕೈಯಲ್ಲಿದ್ದ ಒತ್ತೆ. ಅದನ್ನು ಕೊಡದೆ, ಅವರ ನೆನಪಿನ ದೋಷವೆಂದು ಅವರೇ ನಂಬುವಂತೆ ಬಿಟ್ಟೆ. ಇಂಥ ಸಂಸ್ಥೆಗಳಿಗೆ ನಾವು ಕನ್ನಡದಲ್ಲಿ ನ್ಯಾಸವೆಂಬ ಹೆಸರನ್ನೇ ಇಟ್ಟಿದ್ದೇವೆ. ಹೆಸರು ನ್ಯಾಸ, ನಡತೆ ನ್ಯಾಸಾಪಹಾರವಾದರೆ ಅದಕ್ಕಿಂತ ವಿಪರ್ಯಾಸ ಬೇರೆ ಏನಿದೆ!

ಇಷ್ಟೇ ಅಲ್ಲ. ಅನೇಕಾಂತ ದೃಷ್ಟಿಗೆ ಸಭೆಯೊಂದು ಅಭ್ಯಾಸಭೂಮಿ. ಒಬ್ಬರು 'ಮರ ತೆಗೆಯೋಣ' ಎಂದರೆ ಇನ್ನೊಬ್ಬರು 'ಶೆಡ್ಡನ್ನು ಪಕ್ಕಕ್ಕೆ ಸರಿಸಿದರೆ ಒಂದು ಮರ ಉಳಿಯುತ್ತದೆ' ಎನ್ನಬಹುದು; ಮತ್ತೊಬ್ಬರು 'ದಾನದ ಸಂಕಲ್ಪವೇನಿತ್ತು?' ಎಂದು ನೆನಪಿಸಬಹುದು. ಹೆಬ್ಬೆರಳಿನ ಚಿತ್ರಕ್ಕೆ ಹೌದು ಎನ್ನುವುದಷ್ಟೇ ಗೊತ್ತು. 'ಒಂದು ದೃಷ್ಟಿಯಿಂದ ಹೌದು' ಎಂಬ ಸ್ಯಾತ್‌ಕಾರವನ್ನು ಅದು ನುಡಿಯಲಾರದು.

ಮೊದಲು ಕೈ, ಆಮೇಲೆ ಕಲ್ಲು

ಶ್ರವಣಬೆಳಗೊಳದ ಶಾಸನಗಳೂ ತಮ್ಮ ಕಾಲದ ಸಂಪರ್ಕಸಾಧನಗಳೇ. ಅಭಿಷೇಕದ ಹಾಲಿಗೆ, ಪೂಜೆಯ ಹೂವಿಗೆ ಇಂತಿಷ್ಟು ಹಣವಿಟ್ಟೆವೆಂದು ಕಲ್ಲಿನ ಮೇಲೆ ಬರೆಯಿಸಿದವರು ಅಳಿಸಲಾಗದ ಸಂದೇಶವನ್ನು ಮುಂದಿನ ಪೀಳಿಗೆಗೆ ಕಳುಹಿಸಿದರು. ಅವುಗಳಲ್ಲಿ ಭಂಡಾರಿ ಬಸದಿಯಲ್ಲಿರುವ 1368ರ ಬುಕ್ಕರಾಯನ ಶಾಸನವು ಪ್ರಸ್ತುತ ವಿಷಯಕ್ಕೆ ಬಹಳ ಹತ್ತಿರದ್ದು. ಕಲಶ ಮತ್ತು ಪಂಚಮಹಾವಾದ್ಯಗಳ ಬಳಕೆಯ ವಿಷಯದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿ, ಜೈನರು ಅರಸನಲ್ಲಿ ದೂರಿಟ್ಟರು. ಅರಸನು ಬರಿಯ ಆಜ್ಞಾಪತ್ರವನ್ನು ಕಳುಹಿಸಿ ಕೈತೊಳೆದುಕೊಳ್ಳಲಿಲ್ಲ. ಎರಡೂ ಕಡೆಯ ಪ್ರಮುಖರನ್ನು ಕೂಡಿಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿದನು. ಬೆಳಗೊಳದ ರಕ್ಷಣೆಗೆ ಇಪ್ಪತ್ತು ಜನ ಕಾವಲುಗಾರರನ್ನಿಡುವ ಹೊಣೆಯನ್ನು ವೈಷ್ಣವ ಪಕ್ಷದ ತಾತಯ್ಯನವರೇ ವಹಿಸಿಕೊಂಡರು; ಅದಕ್ಕಾಗಿ ಜೈನರು ಮನೆಗೆ ವರ್ಷಕ್ಕೊಂದು ಹಣ ಕೊಡುವುದು, ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣಬಳಿಸುವುದು ಎಂದಾಯಿತು. ಇದೆಲ್ಲ ಆದ ಮೇಲೆ ಕಲ್ಲಿನಲ್ಲಿ ಬರೆಯಿಸಿದರು.

ಈ ಕ್ರಮವನ್ನು ಗಮನಿಸಬೇಕು. ಮೊದಲು ಕೂಡುವುದು, ಆಮೇಲೆ ಕೈಹಿಡಿಯುವುದು, ಕೊನೆಗೆ ಬರೆಯುವುದು. ನಮ್ಮ ಗುಂಪಿನಲ್ಲಿ ನಡೆದದ್ದು ತಿರುವುಮುರುವು: ಮೊದಲು ಬರಹ, ಆಮೇಲೆ ಕೊಡಲಿ, ಕೊನೆಗೆ ಭೇಟಿ.

ಲಾಭಕ್ಕಾಗಿಯೇ ನಡೆಯುವ ಕಂಪನಿಗಳ ಕಾನೂನು ಕೂಡ ಈ ಭೇದವನ್ನು ಬಲ್ಲದು. 2013ರ ಕಂಪನಿಗಳ ಅಧಿನಿಯಮದ 175ನೆಯ ಕಲಮಿನಂತೆ, ಸಭೆ ಸೇರದೆ ಸುತ್ತೋಲೆಯಿಂದ ಠರಾವು ಮಾಡಬಹುದು. ವಿದ್ಯುನ್ಮಾನ ಸಾಧನದಿಂದಲೂ ಅದನ್ನು ಕಳುಹಿಸಬಹುದು. ಆದರೆ ಕರಡೂ ಅಗತ್ಯ ಕಾಗದಗಳೂ ಎಲ್ಲ ನಿರ್ದೇಶಕರಿಗೆ ಹೋಗಬೇಕು. ಮೂರರಲ್ಲೊಂದು ಪಾಲಿನಷ್ಟು ನಿರ್ದೇಶಕರು ಸಭೆಯಲ್ಲೇ ತೀರ್ಮಾನವಾಗಲೆಂದರೆ ಸಭೆಗೇ ತರಬೇಕು. ಸುತ್ತೋಲೆಯಿಂದ ಆದ ಠರಾವನ್ನು ಮುಂದಿನ ಸಭೆಯಲ್ಲಿ ತಿಳಿಸಿ ನಡಾವಳಿಯಲ್ಲಿ ಸೇರಿಸಬೇಕು. ಇನ್ನು 1882ರ ಭಾರತೀಯ ನ್ಯಾಸ ಅಧಿನಿಯಮವು ಖಾಸಗಿ ನ್ಯಾಸಗಳಿಗೆ ಸಂಬಂಧಿಸಿದ್ದಾದರೂ ಅದರ 48ನೆಯ ಕಲಮಿನ ತತ್ತ್ವ ಎಲ್ಲರಿಗೂ ಪಾಠ: ನ್ಯಾಸಪತ್ರದಲ್ಲಿ ಬೇರೆ ರೀತಿ ಹೇಳದಿದ್ದರೆ ನ್ಯಾಸಧಾರಿಗಳೆಲ್ಲರೂ ಕೂಡಿಯೇ ಕಾರ್ಯನಡೆಸಬೇಕು. ವ್ಯಾಪಾರದ ಸಂಸ್ಥೆಗೆ ಕಾನೂನು ವಿಧಿಸುವ ಶಿಸ್ತು, ಭಗವಂತನ ಸನ್ನಿಧಿಯ ಸಂಸ್ಥೆಗೆ ಬೇಡವೆ?

ಆಚರಣೆಗೆ ತರಬಹುದಾದವು

ನಮ್ಮ ಸಮಿತಿ ಅನಂತರ ಕೆಲವು ನಿಯಮಗಳನ್ನು ಮಾಡಿಕೊಂಡಿತು. ಅವು ದೊಡ್ಡವೇನಲ್ಲ, ಇತರ ಸಂಸ್ಥೆಗಳಿಗೆ ಉಪಯೋಗವಾದೀತೆಂದು ಹೇಳುತ್ತೇನೆ. ಸೂಚನೆ, ಲೆಕ್ಕ, ಸುದ್ದಿಗಳು ಗುಂಪಿನಲ್ಲಿ ಬರಲಿ. ಮರಳಿ ತರಲಾಗದ ಕಾರ್ಯಗಳು, ಎಂದರೆ ಮರ ಕಡಿಯುವುದು, ಹಳೆಯ ಕಟ್ಟಡ ಕೆಡಹುವುದು, ದಾನದ ಉದ್ದೇಶ ಬದಲಿಸುವುದು, ಒಬ್ಬರನ್ನು ಕೆಲಸದಿಂದ ಬಿಡಿಸುವುದು, ಇವು ಸಭೆಯಲ್ಲಿಯೇ ಆಗಬೇಕು. ಗುಂಪಿನಲ್ಲಿಲ್ಲದ ಸದಸ್ಯರ ಮನೆಗೆ ಒಬ್ಬರು ಹೋಗಿ ವಿಷಯ ತಿಳಿಸಿ ಅವರ ಮಾತನ್ನು ಅವರದೇ ನುಡಿಯಲ್ಲಿ ಬರೆದು ತರಬೇಕು. ಮೌನವನ್ನು ಮೌನವೆಂದೇ ಬರೆಯಬೇಕು, ಸಮ್ಮತಿಯೆಂದಲ್ಲ. ಫೋನಿನಲ್ಲಿ ಒಪ್ಪಿಗೆ ಪಡೆದಿದ್ದರೆ ನಡಾವಳಿಯಲ್ಲಿ 'ಫೋನಿನಲ್ಲಿ' ಎಂದೇ ಇರಬೇಕು. ಯಾರದಾದರೂ ಸಂದೇಶದಿಂದ ಮನಸ್ಸು ಕೆರಳಿದರೆ, ಒಂದು ಸಾಮಾಯಿಕದ ಕಾಲ, ಎಂದರೆ 48 ನಿಮಿಷ, ಉತ್ತರ ಬರೆಯಬಾರದು. ಈ ಕೊನೆಯ ನಿಯಮದಿಂದ ಉಳಿದ ಸ್ನೇಹಗಳ ಲೆಕ್ಕ ನಡಾವಳಿಯಲ್ಲಿಲ್ಲ.

ಇದರಿಂದ ಕೆಲಸ ನಿಧಾನವಾಗುವುದಿಲ್ಲವೆ ಎಂದು ತರುಣರು ಕೇಳುತ್ತಾರೆ. ಆಗುತ್ತದೆ. ಹಸಿಯಾಗಿರುವಾಗಲೇ ಒಡೆದ ಕಾಯಿಯಿಂದ ಉಂಡೆ ಕೊಬ್ಬರಿ ಸಿಕ್ಕುವುದಿಲ್ಲವೆಂಬುದನ್ನು ಈ ಸೀಮೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ನಾನು ಆ ಹಿರಿಯರ ಮನೆಗೆ ಹೋದದ್ದು ಎರಡು ವಾರ ತಡವಾಗಿ. "ನೀವು ಮರೆತಿರಲಿಲ್ಲ, ನಾವು ಹೇಳಿಕಳಿಸಿರಲಿಲ್ಲ. ಸಭೆಯೇ ಆಗಿರಲಿಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನನ್ನ ಜ್ಞಾಪಕ ನೆಟ್ಟಗಿದೆ ಅನ್ನು" ಎಂದು ನಕ್ಕರು. ಆ ಎರಡು ವಾರ ಅವರು ತಮ್ಮ ಬುದ್ಧಿಯ ಮೇಲೆಯೇ ಸಂಶಯಪಟ್ಟುಕೊಂಡು ಕಳೆದಿದ್ದರೆಂಬುದು ಆಗ ತಿಳಿಯಿತು. ಮೂರು ಮರಗಳಿಗಿಂತ ಅದೇ ದೊಡ್ಡ ಹಾನಿಯೆಂದು ನನಗೆ ಇಂದಿಗೂ ಅನಿಸುತ್ತದೆ. ಅಹಿಂಸೆಯನ್ನು ಕುಲಧರ್ಮವೆಂದು ಹೇಳಿಕೊಳ್ಳುವವನು, ಒಂದು ಕಠಿಣ ಶಬ್ದವನ್ನೂ ಆಡದೆ ಇಷ್ಟು ಹಿಂಸೆ ಮಾಡಬಲ್ಲ.

ಮುಂದಿನ ಸಭೆಯಲ್ಲಿ ಹಳೆಯ ನಡಾವಳಿಯ ಕೆಳಗೆ, 'ಮೇಲ್ಕಂಡ ದಿನ ಸಭೆ ಸೇರಿರಲಿಲ್ಲ. ಕಾರ್ಯದರ್ಶಿಯ ಬರಹ ತಪ್ಪು' ಎಂದು ನಾನೇ ಬರೆದು ರುಜು ಮಾಡಿದೆ. ಒಂಬತ್ತು ಜನರೂ ಅಂದು ಚಾಪೆಯ ಮೇಲೆ ಕುಳಿತಿದ್ದರು. ಬಸದಿಯ ಎಡಬದಿಯಲ್ಲಿ ಮೂರು ತಿಪಟೂರು ತಳಿಯ ಸಸಿಗಳನ್ನು ನೆಡಬೇಕೆಂದು ತೀರ್ಮಾನವಾಯಿತು. ಅವು ಫಲಕ್ಕೆ ಬರಲು ಆರೇಳು ವರ್ಷ ಬೇಕು. ಗುಂಡಿಗೆ ಮೊದಲ ಮಣ್ಣು ಹಾಕಿದವರು ಆ ಹಿರಿಯರು. ಈ ಸಲ ಅವರನ್ನು ಕರೆಯಲು ನಾನೇ ಹೋಗಿದ್ದೆ.